ಅಗ್ನಿಶಿಲೆಗಳ ಭೇದ ಮತ್ತು ಕರ್ನಾಟಕದ ಕಲ್ಲಿನ ತಿಳಿವಳಿಕೆ: ಗ್ರಾನೈಟ್, ಡಾಲರೈಟ್, ಬಸಾಲ್ಟ್‌ಗಳ ಒಂದು ಚಾರಿತ್ರಿಕ ಅವಲೋಕನ

ಕರ್ನಾಟಕದ ಚರಿತ್ರೆಯ ಅಧ್ಯಯನದಲ್ಲಿ ಕಲ್ಲಿಗೆ ದೊರೆತಿರುವ ಸ್ಥಾನ ವಿಚಿತ್ರವಾದುದು. ಕಲ್ಲಿನ ಮೇಲೆ ಅಕ್ಷರವಿದ್ದರೆ ಅದರ ಪಾಠವನ್ನು ಓದುತ್ತೇವೆ. ಮೂರ್ತಿಯಿದ್ದರೆ ಲಕ್ಷಣವನ್ನು ವಿವರಿಸುತ್ತೇವೆ. ಕೊಡಲಿಯಾಗಿದ್ದರೆ ಆಕಾರವನ್ನು ಅಳೆದು ಕಾಲವನ್ನು ಗೊತ್ತುಪಡಿಸುತ್ತೇವೆ. ಆದರೆ ಆ ಕಲ್ಲು ಯಾವ ಜಾತಿಗೆ ಸೇರಿದುದು, ಸುತ್ತಲೂ ಬೇರೆ ಕಲ್ಲುಗಳಿರುವಾಗ ಅದನ್ನೇ ಏಕೆ ಆರಿಸಲಾಯಿತು ಎಂಬ ಪ್ರಶ್ನೆಗಳು ಅಡಿಟಿಪ್ಪಣಿಗೆ ಸರಿಯುತ್ತವೆ. ಅಲ್ಲಿಯೂ ‘ಕಪ್ಪು ಶಿಲೆ’, ‘ಗಟ್ಟಿ ಕಲ್ಲು’ ಎಂಬ ಸ್ಥೂಲವಾದ ಮಾತಿಗೆ ನಾವು ತೃಪ್ತರಾಗುವುದುಂಟು.

ಕರ್ನಾಟಕದ ನೆಲದ ಬಹುಭಾಗವನ್ನು ರೂಪಿಸಿರುವ ಕಲ್ಲುಗಳಲ್ಲಿ ಅಗ್ನಿಶಿಲೆಗಳು ಮುಖ್ಯವಾದವು. ಇವುಗಳಲ್ಲಿ ಗ್ರಾನೈಟ್, ಡಾಲರೈಟ್ ಮತ್ತು ಬಸಾಲ್ಟ್ ಎಂಬ ಮೂರನ್ನು ಈ ಪ್ರಬಂಧಕ್ಕೆ ಆರಿಸಿಕೊಳ್ಳಲಾಗಿದೆ. ಭೂವಿಜ್ಞಾನವು ಈ ಮೂರನ್ನು ಅವುಗಳ ಹುಟ್ಟಿನಿಂದ ಬೇರ್ಪಡಿಸುತ್ತದೆ. ಕಲ್ಲಿನೊಡನೆ ಬದುಕಿದ ಜನ ಅವನ್ನು ಕೆಲಸದಿಂದ ಬೇರ್ಪಡಿಸಿದ್ದರು. ಈ ಎರಡು ವಿಂಗಡಣೆಗಳು ಬಹುಮಟ್ಟಿಗೆ ಒಂದಕ್ಕೊಂದು ಹೊಂದುತ್ತವೆ ಎಂಬುದನ್ನು ನಿದರ್ಶನಗಳಿಂದ ತೋರಿಸುವುದು ಇಲ್ಲಿಯ ಮೊದಲ ಉದ್ದೇಶ. ಇತ್ತೀಚಿನ ದಶಕಗಳಲ್ಲಿ ವ್ಯಾಪಾರದ ಭಾಷೆಯು ಎಲ್ಲ ಗಟ್ಟಿ ಕಲ್ಲನ್ನೂ ‘ಗ್ರಾನೈಟ್’ ಎಂಬ ಒಂದೇ ಹೆಸರಿಗೆ ಇಳಿಸಿರುವುದರಿಂದ ಚರಿತ್ರೆಗೆ ಆಗುತ್ತಿರುವ ನಷ್ಟವನ್ನು ಗುರುತಿಸುವುದು ಎರಡನೆಯ ಉದ್ದೇಶ.

1. ಹುಟ್ಟಿನ ಭೇದ

ಭೂಮಿಯ ಒಳಗಿನ ಶಿಲಾಪಾಕ ತಣಿದು ಗಟ್ಟಿಯಾದಾಗ ಅಗ್ನಿಶಿಲೆ ಹುಟ್ಟುತ್ತದೆ. ಈ ಶಿಲೆಗಳ ಭೇದವನ್ನು ಎರಡು ಪ್ರಶ್ನೆಗಳಿಂದ ಅರಿಯಬಹುದು. ಪಾಕದಲ್ಲಿ ಏನಿತ್ತು ಎಂಬುದು ಮೊದಲನೆಯದು; ಅದು ಎಲ್ಲಿ, ಎಷ್ಟು ನಿಧಾನವಾಗಿ ತಣಿಯಿತು ಎಂಬುದು ಎರಡನೆಯದು. ಮೊದಲನೆಯದು ಕಲ್ಲಿನ ಬಣ್ಣವನ್ನೂ ತೂಕವನ್ನೂ ನಿರ್ಧರಿಸುತ್ತದೆ. ಎರಡನೆಯದು ಅದರ ಕಣದ ಗಾತ್ರವನ್ನು ನಿರ್ಧರಿಸುತ್ತದೆ.

ಸಿಲಿಕಾ ಅಧಿಕವಾಗಿರುವ, ಸ್ಥೂಲವಾಗಿ ನೂರಕ್ಕೆ 70ರಷ್ಟಿರುವ ಪಾಕವು ನೆಲದ ಆಳದಲ್ಲಿ ಬಹುಕಾಲ ತಣಿದರೆ ಗ್ರಾನೈಟ್ ಆಗುತ್ತದೆ. ತಣಿಯಲು ಅವಕಾಶ ಹೆಚ್ಚಾದ್ದರಿಂದ ಹರಳುಗಳು ದೊಡ್ಡವಾಗಿ ಬೆಳೆಯುತ್ತವೆ. ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕಗಳನ್ನು ಬರಿಗಣ್ಣಿನಿಂದಲೇ ಬೇರೆ ಬೇರೆಯಾಗಿ ಕಾಣಬಹುದು. ಕಲ್ಲಿನ ಬಣ್ಣ ಬೂದು, ಬಿಳಿ ಅಥವಾ ನಸುಗೆಂಪು. ಸಿಲಿಕಾ ಕಡಿಮೆಯಿದ್ದು, ಕಬ್ಬಿಣ ಮತ್ತು ಮೆಗ್ನೀಷಿಯಂ ಹೆಚ್ಚಾಗಿರುವ ಪಾಕವು ನೆಲದ ಮೇಲೆ ಲಾವಾರಸವಾಗಿ ಹರಿದು ಬೇಗ ತಣಿದರೆ ಬಸಾಲ್ಟ್ ಆಗುತ್ತದೆ. ಇದರ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಬಣ್ಣ ಕಪ್ಪು ಅಥವಾ ಕಡುಬೂದು. ತೂಕ ಗ್ರಾನೈಟಿಗಿಂತ ಹೆಚ್ಚು. ಬಸಾಲ್ಟಿನದೇ ಪಾಕವು ಮೇಲಕ್ಕೆ ಬಾರದೆ, ಹಳೆಯ ಕಲ್ಲಿನ ಬಿರುಕಿನಲ್ಲಿ ನುಗ್ಗಿ ಗೋಡೆಯಂತೆ ನಿಂತು ತಣಿದರೆ ಡಾಲರೈಟ್ ಆಗುತ್ತದೆ. ಇಂತಹ ಕಲ್ಲಿನ ಗೋಡೆಗೆ ಡೈಕ್ ಎಂದು ಹೆಸರು. ಡಾಲರೈಟಿನ ಕಣ ಮಧ್ಯಮ ಗಾತ್ರದ್ದು. ಅದರ ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಕಲ್ಲಿಗೆ ವಿಶೇಷವಾದ ಬಿಗಿತನವಿರುತ್ತದೆ.

ಈ ಎರಡು ಪ್ರಶ್ನೆಗಳನ್ನು ಬೆರೆಸಿದರೆ ತಪ್ಪು ತೀರ್ಮಾನವಾಗುತ್ತದೆ ಎಂಬುದಕ್ಕೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳು ನಿದರ್ಶನ. ಅಲ್ಲಿಯ ಬಹುಭುಜಾಕೃತಿಯ ಕಲ್ಲುಕಂಬಗಳು ಬಸಾಲ್ಟ್ ಕಂಬಗಳೆಂದೇ ಪ್ರಸಿದ್ಧವಾಗಿವೆ. ಆದರೆ ರಾಸಾಯನಿಕ ವಿಶ್ಲೇಷಣೆಯಲ್ಲಿ ಅವು ರಯೊಲೈಟ್ ಮತ್ತು ಡೇಸೈಟ್ ವರ್ಗಕ್ಕೆ ಸೇರುತ್ತವೆ. ಎಂದರೆ ಅವು ಗ್ರಾನೈಟಿನ ಕಡೆಯ ಬಂಧುಗಳು. ಸುಮಾರು 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾರಸವಿದು. ಕಂಬದ ಆಕಾರವು ತಣಿಯುವಿಕೆಯ ಫಲವೇ ಹೊರತು ಕಲ್ಲಿನ ಜಾತಿಯ ಗುರುತಲ್ಲ.

ಕರ್ನಾಟಕದಲ್ಲಿ ಈ ಶಿಲೆಗಳ ಹಂಚಿಕೆ ಸ್ಪಷ್ಟವಾಗಿದೆ. ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಭೂವಿಜ್ಞಾನಿಗಳು ಕರೆಯುವ ಪಟ್ಟಿಯು ದಕ್ಷಿಣದ ಕನಕಪುರ, ರಾಮನಗರಗಳ ಕಡೆಯಿಂದ ಉತ್ತರಕ್ಕೆ ಹಂಪಿಯ ಸೀಮೆಯವರೆಗೆ ನೂರಾರು ಕಿಲೋಮೀಟರ್ ಸಾಗುತ್ತದೆ. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರೇ ಈ ಶಿಲೆಗೆ ಬಂದಿದೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳ ಉತ್ತರ ಭಾಗಗಳಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖನ್ ಬಸಾಲ್ಟ್ ಹರಡಿದೆ. ಡಾಲರೈಟ್ ಡೈಕುಗಳು ಗ್ರಾನೈಟ್ ಮತ್ತು ನೈಸ್ ಶಿಲೆಗಳ ನಾಡಿನಲ್ಲಿ ಅಲ್ಲಲ್ಲಿ ಕರಿಯ ಗೆರೆಗಳಂತೆ ಹಾದುಹೋಗಿವೆ.

2. ಕಪ್ಪಗಲ್ಲು: ಕರಿಕಲ್ಲಿನ ಕೊಡಲಿ, ಬಿಳಿಕಲ್ಲಿನ ಸಾಣೆ

ಜನರು ಈ ಶಿಲೆಗಳನ್ನು ಬೇರ್ಪಡಿಸಿ ಬಳಸಿದುದಕ್ಕೆ ನಮ್ಮಲ್ಲಿರುವ ಪ್ರಾಚೀನವೂ ಸ್ಪಷ್ಟವೂ ಆದ ಸಾಕ್ಷ್ಯ ಬಳ್ಳಾರಿಯ ಸಮೀಪದ ಸಂಗನಕಲ್ಲು ಮತ್ತು ಕಪ್ಪಗಲ್ಲು ಬೆಟ್ಟಗಳಲ್ಲಿದೆ. ಭಾರತೀಯ ಪ್ರಾಗಿತಿಹಾಸದ ಆದ್ಯರಾದ ರಾಬರ್ಟ್ ಬ್ರೂಸ್ ಫೂಟ್ ಅವರು ವೃತ್ತಿಯಿಂದ ಭೂವಿಜ್ಞಾನಿ. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತ ಅವರ ಗ್ರಂಥ 1895ರಲ್ಲಿ ಪ್ರಕಟವಾಯಿತು. ಕಪ್ಪಗಲ್ಲಿನ ಬೆಟ್ಟದಲ್ಲಿ ನವಶಿಲಾಯುಗದ ಕೊಡಲಿಗಳನ್ನು ತಯಾರಿಸುತ್ತಿದ್ದ ವಿಸ್ತಾರವಾದ ಕಮ್ಮಟವನ್ನು ಗುರುತಿಸಿದವರು ಅವರೇ. ಫಾಸೆಟ್ ಅವರು 1892ರಲ್ಲಿ ಅಲ್ಲಿಯ ಬಂಡೆಚಿತ್ರಗಳನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದರು. ಮುಂದೆ ಬೆಂಡಪೂಡಿ ಸುಬ್ಬರಾವ್ ಅವರು ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿ 1948ರಲ್ಲಿ ಬಳ್ಳಾರಿಯ ಶಿಲಾಯುಗದ ಸಂಸ್ಕೃತಿಗಳ ಕುರಿತ ಗ್ರಂಥವನ್ನು ಹೊರತಂದರು. ಈಚಿನ ದಶಕಗಳಲ್ಲಿ ರವಿ ಕೋರಿಶೆಟ್ಟರ್, ನಿಕೋಲ್ ಬೊಯ್ವಿನ್, ಡೋರಿಯನ್ ಫುಲ್ಲರ್ ಮೊದಲಾದವರು ಇಲ್ಲಿ ವ್ಯವಸ್ಥಿತವಾದ ಸಂಶೋಧನೆ ನಡೆಸಿದ್ದಾರೆ.

ಈ ಬೆಟ್ಟಗಳು ಮುಖ್ಯವಾಗಿ ಗ್ರಾನೈಟಿನವು. ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ ಗ್ರಾನೈಟನ್ನು ಸೀಳಿಕೊಂಡು ಡಾಲರೈಟಿನ ದೊಡ್ಡ ಡೈಕ್ ಹಾದಿದೆ. ಬೆಟ್ಟದ ತುಂಬ ಗ್ರಾನೈಟ್ ಇದ್ದರೂ ಕೊಡಲಿಗಳಿಗಾಗಿ ಜನ ಆರಿಸಿದ್ದು ಈ ಕರಿಯ ಪಟ್ಟಿಯನ್ನೇ. ಇದರ ಕಾರಣ ಕಣದ ಗಾತ್ರದಲ್ಲಿದೆ. ಗ್ರಾನೈಟಿಗೆ ಏಟು ಬಿದ್ದರೆ ಅದರ ದೊಡ್ಡ ಹರಳುಗಳು ಒಂದೊಂದೂ ತನ್ನ ದಿಕ್ಕಿನಲ್ಲಿ ಒಡೆದು ಅಂಚು ಪುಡಿಯಾಗುತ್ತದೆ. ಡಾಲರೈಟಿನಲ್ಲಿ ಏಟಿನ ಬಲ ಏಕರೂಪವಾಗಿ ಹರಿದು ಚಕ್ಕೆ ಏಳುತ್ತದೆ. ಉಳಿದ ತಿರುಳು ಮರ ಕಡಿಯುವ ಏಟನ್ನು ಸಹಿಸುವಷ್ಟು ಬಿಗಿಯಾಗಿರುತ್ತದೆ.

ಇಲ್ಲಿ ಗ್ರಾನೈಟಿಗೂ ಕೆಲಸವಿಲ್ಲದಿರಲಿಲ್ಲ. ಕೊಡಲಿಯ ತಯಾರಿಕೆಯಲ್ಲಿ ಚಕ್ಕೆ ತೆಗೆಯುವುದು, ಕುಟ್ಟಿ ಸಮಮಾಡುವುದು, ಉಜ್ಜುವುದು, ನಯಗೊಳಿಸುವುದು ಎಂಬ ನಾಲ್ಕು ಹಂತಗಳನ್ನು ಫೂಟ್ ಗುರುತಿಸಿದ್ದರು. ಉಜ್ಜುವ ಹಂತದಲ್ಲಿ ಗ್ರಾನೈಟ್ ಬಂಡೆಯೇ ಸಾಣೆಯಾಯಿತು. ಬೆಣಚು ಡಾಲರೈಟಿನ ಖನಿಜಗಳಿಗಿಂತ ಗಟ್ಟಿ. ಗ್ರಾನೈಟಿನಲ್ಲಿ ಬೆಣಚು ಸಮೃದ್ಧವಾಗಿದೆ, ಡಾಲರೈಟಿನಲ್ಲಿ ಅದು ಇಲ್ಲವೆನ್ನುವಷ್ಟು ಅಲ್ಪ. ಬಂಡೆಗಳ ಮೇಲೆ ಇಂದಿಗೂ ಕಾಣುವ ಉದ್ದನೆಯ ನುಣುಪಾದ ಹೊಂಡಗಳು ಈ ಕೆಲಸದ ಗುರುತುಗಳು. ಒಂದು ಕಲ್ಲನ್ನು ಆಯುಧವಾಗಿಯೂ ಇನ್ನೊಂದನ್ನು ಆ ಆಯುಧದ ಸಾಣೆಯಾಗಿಯೂ ಬಳಸಿದ ಈ ಸಮುದಾಯ ಎರಡು ಅಗ್ನಿಶಿಲೆಗಳ ಭೇದವನ್ನು ಕೈಯಿಂದಲೇ ಅರಿತಿತ್ತು. ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ಇದು ಒಂದು ಉದ್ಯಮವೆನ್ನುವ ಮಟ್ಟಿಗೆ ಬೆಳೆದಿತ್ತು.

ಅದೇ ಡೈಕಿನ ಮೇಲೆ ಗೂಳಿಗಳ, ಮನುಷ್ಯರ ಅಸಂಖ್ಯ ಚಿತ್ರಗಳಿವೆ. ಬಿಸಿಲು ಮಳೆಗಳಿಂದ ಡಾಲರೈಟಿನ ಮೈಮೇಲೆ ಕಡುಬಣ್ಣದ ಪೊರೆ ಕಟ್ಟಿಕೊಂಡಿರುತ್ತದೆ. ಅದನ್ನು ಕುಟ್ಟಿದರೆ ತಿಳಿಬಣ್ಣದ ಗೆರೆ ಮೂಡುತ್ತದೆ. ಇನ್ನೂ ಗಮನಾರ್ಹವಾದುದು ಇಲ್ಲಿಯ ದನಿಗಲ್ಲುಗಳು. ಕೆಲವು ಡಾಲರೈಟ್ ಗುಂಡುಗಳ ಮೇಲೆ ಬಟ್ಟಲಿನಂತಹ ಕುಳಿಗಳಿದ್ದು, ಅಲ್ಲಿ ಗ್ರಾನೈಟ್ ಕಲ್ಲಿನಿಂದ ಹೊಡೆದರೆ ಜಾಗಟೆಯಂತಹ ನಾದ ಹೊಮ್ಮುತ್ತದೆ. ಚಿತ್ರವನ್ನೂ ನಾದವನ್ನೂ ಒಟ್ಟಿಗೆ ನೋಡಬೇಕೆಂಬ ವಿಚಾರವನ್ನು ಬೊಯ್ವಿನ್ 2004ರ ತಮ್ಮ ಲೇಖನದಲ್ಲಿ ಪ್ರತಿಪಾದಿಸಿದರು. ಕೊಡಲಿ, ಚಿತ್ರ, ನಾದ ಮೂರೂ ಒಂದೇ ಕರಿಕಲ್ಲಿಗೆ ಸೇರಿರುವುದು ಆಕಸ್ಮಿಕವಿರಲಾರದು. ಊರಿನ ಹೆಸರಿನಲ್ಲಿ ‘ಕಪ್ಪು ಕಲ್ಲು’ ಎಂಬ ಅರ್ಥವನ್ನು ಕಾಣಲು ಅವಕಾಶವಿದೆ. ಆದರೆ ಸ್ಥಳನಾಮವೊಂದನ್ನೇ ಪುರಾವೆಯಾಗಿ ಹಿಡಿಯುವುದು ಉಚಿತವಲ್ಲ. ಕಲ್ಲೇ ಇಲ್ಲಿ ಸಾಕಷ್ಟು ಹೇಳುತ್ತದೆ.

3. ಗ್ರಾನೈಟ್: ಹಾಸು, ಗುಂಡು, ಸೀಳು

ಕೊಡಲಿಗೆ ಒಗ್ಗದ ಗ್ರಾನೈಟ್ ಕಟ್ಟಡಕ್ಕೆ ಒಗ್ಗಿತು. ಆಳದಲ್ಲಿ ಹುಟ್ಟಿದ ಈ ಶಿಲೆಯ ಮೇಲಿನ ಹೊರೆ ಕೋಟ್ಯಂತರ ವರ್ಷಗಳಲ್ಲಿ ಸವೆದು ಹೋದಾಗ ಒತ್ತಡ ತಗ್ಗಿ, ಮೇಲ್ಮೈಗೆ ಸಮಾನಾಂತರವಾಗಿ ಪದರು ಪದರಾಗಿ ಬಿಡುತ್ತದೆ. ಜನರು ಹಾಸುಬಂಡೆ ಎಂದು ಕರೆಯುವುದು ಇದನ್ನೇ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೃಹತ್ ಶಿಲಾ ಸಮಾಧಿಗಳು ಇಂತಹ ಚಪ್ಪಡಿಗಳಿಂದ ನಿರ್ಮಿತವಾದವು. ಸುಮಾರು 400 ರಚನೆಗಳಿರುವ ಈ ನೆಲೆಯು 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಜನಪದರು ಇವನ್ನು ಮೋರ್ಯರ ಮನೆಗಳೆಂದು ಕರೆದು, ಕುಳ್ಳರಾದ ಪ್ರಾಚೀನ ಜನಾಂಗವೊಂದರ ಕಥೆಯೊಡನೆ ಸೇರಿಸಿದ್ದಾರೆ. ಕಾಲಕ್ರಮದ ದೃಷ್ಟಿಯಿಂದ ಈ ಕಥೆ ನಿಲ್ಲದಿರಬಹುದು. ಆದರೆ ಎರಡಾಳೆತ್ತರದ ಚಪ್ಪಡಿಯನ್ನು ಸಾಮಾನ್ಯರು ನಿಲ್ಲಿಸಿರಲಾರರು ಎಂಬ ಬೆರಗು ಅದರಲ್ಲಿ ಉಳಿದುಕೊಂಡಿದೆ.

ಗ್ರಾನೈಟಿನ ಇನ್ನೊಂದು ರೂಪ ಗುಂಡು. ಲಂಬವಾಗಿಯೂ ಅಡ್ಡವಾಗಿಯೂ ಬಿದ್ದ ಬಿರುಕುಗಳೊಳಗೆ ನೀರು ಇಳಿದು ಮೂಲೆಗಳನ್ನು ಮೊದಲು ಕರಗಿಸುವುದರಿಂದ ಕಲ್ಲು ದುಂಡಗಾಗುತ್ತದೆ. ಸುತ್ತಲಿನ ಮಣ್ಣು ಕೊಚ್ಚಿಹೋದಾಗ ಒಂದರ ಮೇಲೊಂದು ಇಟ್ಟಂತೆ ಹೊರಬೀಳುತ್ತದೆ. ಹಂಪಿಯ ಗುಂಡುಗಳನ್ನು ವಾಲಿ ಸುಗ್ರೀವರ ಕಾಳಗದಲ್ಲಿ ಎಸೆದ ಕಲ್ಲುಗಳೆಂದು ಹೇಳುವ ಐತಿಹ್ಯ ಸುಪರಿಚಿತ. ಬೆಂಗಳೂರಿನ ಬಸವನಗುಡಿಯ ಬಸವ ಬೆಳೆಯುತ್ತಲೇ ಇದ್ದ, ನೆತ್ತಿಗೆ ತ್ರಿಶೂಲವಿಟ್ಟ ಮೇಲೆ ಬೆಳವಣಿಗೆ ನಿಂತಿತು ಎಂಬ ಕಥೆಯೂ ಅಷ್ಟೇ ಪ್ರಸಿದ್ಧ. ಮಣ್ಣು ಸವೆದಂತೆ ವರ್ಷದಿಂದ ವರ್ಷಕ್ಕೆ ಬಂಡೆ ಎದ್ದು ಕಾಣುವ ನಾಡಿನಲ್ಲಿ ‘ಕಲ್ಲು ಬೆಳೆಯುತ್ತದೆ’ ಎಂಬ ನಂಬಿಕೆ ಹುಟ್ಟುವುದು ಸಹಜವೆಂದು ತೋರುತ್ತದೆ.

ಗ್ರಾನೈಟನ್ನು ಸೀಳುವ ವಿದ್ಯೆಯ ಗುರುತುಗಳು ಹಂಪಿಯ ಬಂಡೆಗಳ ಮೇಲೆ ಸಾಲುಸಾಲಾದ ಬೆಣೆಕುಳಿಗಳ ರೂಪದಲ್ಲಿವೆ. ಕುಳಿಗಳ ಸಾಲಿನಲ್ಲಿ ಬೆಣೆಗಳನ್ನು ಇಟ್ಟು ಸರದಿಯಂತೆ ಹೊಡೆದರೆ ಕಲ್ಲು ಆ ಗೆರೆಯಲ್ಲಿ ಸೀಳುತ್ತದೆ. ಬೆಂಕಿಯ ವಿಧಾನವೂ ಬಳಕೆಯಲ್ಲಿತ್ತು. ಬೆಂಗಳೂರಿನ ಕಲ್ಲುಗಣಿಯಲ್ಲಿ ಕಂಡ ಈ ಕ್ರಮವನ್ನು ಎಚ್. ವಾರ್ತ್ ಎಂಬುವರು 1895ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರ್ಣಿಸಿದ್ದಾರೆ. ಹಾಸುಬಂಡೆಯ ಮೇಲೆ ಕಟ್ಟಿಗೆಯ ಬೆಂಕಿಯನ್ನು ಉದ್ದನೆಯ ಸಾಲಾಗಿ ಉರಿಸಿ, ಅದನ್ನು ಸ್ವಲ್ಪಸ್ವಲ್ಪವೇ ಮುಂದಕ್ಕೆ ಸರಿಸುತ್ತಿದ್ದರು. ಬೆಂಕಿಯ ಮುಂದಿನ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ, ದನಿ ಬದಲಾದುದರಿಂದ ಪದರು ಬಿಟ್ಟಿದೆಯೆಂದು ತಿಳಿಯುತ್ತಿದ್ದರು. ಕಾದ ಮೇಲ್ಪದರು ಹಿಗ್ಗಿ ತಣ್ಣನೆಯ ತಳದಿಂದ ಬಿಡುತ್ತಿತ್ತು. ವಾರ್ತ್ ಈ ಶಿಲೆಯನ್ನು ಗ್ರಾನೈಟ್ ಎಂದು ಕರೆದರು. ಇಂದಿನ ಭೂವಿಜ್ಞಾನ ಬೆಂಗಳೂರಿನ ಕಲ್ಲನ್ನು ಹೆಚ್ಚಾಗಿ ನೈಸ್ ಎನ್ನುತ್ತದೆ. ಖನಿಜಗಳು ಬಹುಮಟ್ಟಿಗೆ ಒಂದೇ ಆದ್ದರಿಂದ ಬೆಂಕಿಗೆ ಎರಡೂ ಒಂದೇ ರೀತಿ ಮಣಿಯುತ್ತವೆ.

4. ಬಸಾಲ್ಟ್: ಎರೆ ನಾಡಿನ ಕಲ್ಲು

ಗ್ರಾನೈಟಿನ ನಾಡನ್ನು ಬಿಟ್ಟು ಉತ್ತರಕ್ಕೆ ನಡೆದರೆ ನೆಲದ ಬಣ್ಣವೇ ಬದಲಾಗುತ್ತದೆ. ಉತ್ತರ ಕರ್ನಾಟಕದ ರೈತರು ಹೊಲವನ್ನು ಎರೆ ಮತ್ತು ಮಸಾರಿ ಎಂದು ಎರಡಾಗಿ ಹೇಳುತ್ತಾರೆ. ಬಸಾಲ್ಟ್ ಕರಗಿ ಉಂಟಾದ ನೀರುಹಿಡಿಯುವ ಕರಿಯ ಜಿಗುಟು ಮಣ್ಣು ಎರೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದ ಉಂಟಾದ, ಬೆಣಚಿನ ಮರಳು ಬೆರೆತ ಕೆಂಪು ಮಣ್ಣು ಮಸಾರಿ. ಎಲ್ಲ ಎರೆಯೂ ಬಸಾಲ್ಟಿನಿಂದಲೇ ಬಂದುದಲ್ಲ. ಬೇರೆ ಶಿಲೆಗಳ ಮೇಲೆಯೂ ಅದು ಇರುವುದುಂಟು. ಆದರೂ ಹಿಂಗಾರಿಯ ಬಿಳಿಜೋಳವನ್ನು ಎರೆಯಲ್ಲಿ ಬೆಳೆಯುವ ರೈತನು ಶಿಲೆಯ ಭೇದವನ್ನು ಮಣ್ಣಿನ ಭೇದವಾಗಿ ಅರಿತಿದ್ದಾನೆ.

ಬಸಾಲ್ಟಿನ ಲಾವಾರಸ ತೆಳುವಾದುದರಿಂದ ದೂರದವರೆಗೆ ಹರಿದು ಮೆಟ್ಟಿಲು ಮೆಟ್ಟಿಲಾಗಿ ನಿಂತಿದೆ. ‘ಟ್ರ್ಯಾಪ್’ ಎಂಬ ಹೆಸರು ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದದಿಂದ ಬಂದುದು. ತಣಿಯುವಾಗ ಕುಗ್ಗಿ ಬಿರುಕು ಬಿಡುವುದರಿಂದ ಇದರಲ್ಲಿ ಗ್ರಾನೈಟಿನಂತೆ ಬೃಹದಾಕಾರದ ಏಕಶಿಲೆ ದೊರೆಯುವುದು ಕಷ್ಟ. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟಮೂರ್ತಿ ಗ್ರಾನೈಟಿನ ಬೆಟ್ಟದಲ್ಲಿ ಸಾಧ್ಯವಾಯಿತು; ವಿಜಯಪುರದ ಬಸಾಲ್ಟಿನಲ್ಲಿ ಅಂತಹ ಮೂರ್ತಿಯನ್ನು ಕಲ್ಪಿಸುವುದು ಸುಲಭವಲ್ಲ. ಆದಿಲ್‌ಶಾಹಿ ಕಾಲದ ಕುಶಲಿಗಳು ಬಸಾಲ್ಟನ್ನು ಸಣ್ಣ ಕಲ್ಲುಗಳಾಗಿ ಕಡಿದು ಗಾರೆಯಿಂದ ಬೆಸೆದರು. 1656ರಲ್ಲಿ ಮುಗಿದ ಗೋಳಗುಮ್ಮಟದ ಗೋಡೆಗಳು ಈ ಕ್ರಮಕ್ಕೆ ಸಾಕ್ಷಿ. ಸೂಕ್ಷ್ಮ ಕಣದ ಶಿಲೆಯ ಗುಣ ಕೆತ್ತನೆಯಲ್ಲಿ ಕಾಣುತ್ತದೆ. ಇಬ್ರಾಹಿಂ ರೋಜಾದ ಬರಹ ಮತ್ತು ಬಳ್ಳಿಗಳ ಹರಿತವಾದ ಅಂಚುಗಳನ್ನು ದಪ್ಪ ಹರಳಿನ ಗ್ರಾನೈಟಿನಲ್ಲಿ ಮೂಡಿಸುವುದು ದುಷ್ಕರ.

ಮನೆಬಳಕೆಯ ಬೀಸುವ ಕಲ್ಲಿನಲ್ಲಿಯೂ ಇದೇ ಭೇದವಿದೆ. ಗ್ರಾನೈಟಿನ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಬೇರೆ ಬೇರೆ ವೇಗದಲ್ಲಿ ಸವೆಯುವುದರಿಂದ ಕಲ್ಲಿನ ಮೈ ತಾನಾಗಿಯೇ ಒರಟಾಗಿ ಉಳಿಯುತ್ತದೆ. ಗುಳ್ಳೆಗಳಿಲ್ಲದ ಬಸಾಲ್ಟ್ ಏಕರೂಪವಾಗಿ ಸವೆದು ಬೇಗ ನುಣುಪಾಗುತ್ತದೆ. ಗುಳ್ಳೆಗಳಿರುವ ಬಸಾಲ್ಟಿನಲ್ಲಿ ಸವೆದಷ್ಟೂ ಹೊಸ ಅಂಚು ತೆರೆಯುತ್ತದೆ. ಕಲ್ಲು ನುಣುಪಾದಾಗ ಕಲ್ಲುಕುಟಿಗರಿಂದ ಮುಳ್ಳು ಹೊಡೆಸುವ ರೂಢಿ ಎಲ್ಲ ಕಡೆಯೂ ಇತ್ತು. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಬಸಾಲ್ಟಿನ ನಾಡಾದ ವಿಜಯಪುರ ಸೀಮೆಯ ಸಂಗ್ರಹ. ಬೀಸುವ ಹಾಡುಗಳನ್ನು ಸಂಗ್ರಹಿಸಿದ ನಾವು ಆ ಹಾಡಿಗೆ ಲಯವನ್ನು ಕೊಟ್ಟ ಕಲ್ಲು ಯಾವುದೆಂದು ಬರೆದಿಡಲಿಲ್ಲ. ಬೀಸುವ ಕಲ್ಲುಗಳು ಮನೆಯ ಹಿತ್ತಿಲು ಸೇರಿರುವ ಈ ಹೊತ್ತಿನಲ್ಲಿ ಆ ಕೆಲಸ ಇನ್ನೂ ಉಳಿದಿದೆ.

5. ಶಿಲ್ಪಗ್ರಂಥಗಳ ವಿಂಗಡಣೆ

‘ಮಯಮತ’ವೇ ಮೊದಲಾದ ಶಿಲ್ಪಗ್ರಂಥಗಳಲ್ಲಿ ಕಲ್ಲಿನ ಪರೀಕ್ಷೆಗೆ ಪ್ರತ್ಯೇಕ ಸ್ಥಾನವಿದೆ. ಪುಂಶಿಲೆ, ಸ್ತ್ರೀಶಿಲೆ, ನಪುಂಸಕ ಶಿಲೆ ಎಂಬ ಮೂರು ಬಗೆಗಳನ್ನು ಅವು ಹೇಳುತ್ತವೆ. ಮೂರ್ತಿಗೆ ಮೊದಲನೆಯದು, ಪೀಠಕ್ಕೆ ಎರಡನೆಯದು, ತಳಪಾಯಕ್ಕೆ ಮೂರನೆಯದು ವಿಹಿತ. ನಾದ ಮತ್ತು ಬಣ್ಣ ಇಲ್ಲಿ ಮುಖ್ಯವಾದ ಒರೆಗಲ್ಲುಗಳು.

ಈ ವಿಂಗಡಣೆಯನ್ನು ಅಗ್ನಿಶಿಲೆಗಳ ವಿಂಗಡಣೆಯೊಡನೆ ಸಮೀಕರಿಸುವುದು ಸರಿಯಲ್ಲ. ಕಪ್ಪಗಲ್ಲಿನ ಡಾಲರೈಟ್ ನುಡಿಯುವಂತೆಯೇ ಹಿರೇಬೆಣಕಲ್ಲಿನ ನಗಾರಿಯಾಕಾರದ ಗ್ರಾನೈಟ್ ಬಂಡೆಯೂ ನುಡಿಯುತ್ತದೆ. ಒಳಗೆ ಬಿರುಕಿಲ್ಲದ ಗಟ್ಟಿ ಕಲ್ಲು ಯಾವ ಜಾತಿಯದಾದರೂ ನಾದ ಕೊಡಬಲ್ಲದು; ಬಿರುಕಿರುವ ಕಲ್ಲು ಮೂಕವಾಗುತ್ತದೆ. ಆದ್ದರಿಂದ ಶಾಸ್ತ್ರದ ನಾದಪರೀಕ್ಷೆ ಮುಖ್ಯವಾಗಿ ಕಲ್ಲಿನ ದೋಷವನ್ನು ಹುಡುಕುವ ಪರೀಕ್ಷೆ. ಬೆಂಗಳೂರಿನ ಗಣಿಯಲ್ಲಿ ಸುತ್ತಿಗೆಯ ದನಿಯನ್ನು ಆಲಿಸುತ್ತಿದ್ದ ಕೆಲಸಗಾರನೂ ಇದೇ ಪರೀಕ್ಷೆಯನ್ನು ಮಾಡುತ್ತಿದ್ದ. ಶಾಸ್ತ್ರವು ಅದಕ್ಕೆ ಲಿಂಗದ ಪರಿಭಾಷೆ ಕೊಟ್ಟಿತು. ಕೈಕೆಲಸದ ಪರಂಪರೆ ಅದನ್ನು ಕಿವಿಯಲ್ಲಿ ಉಳಿಸಿಕೊಂಡಿತು. ಗ್ರಂಥ ಮೊದಲೋ ಕೆಲಸ ಮೊದಲೋ ಎಂದು ಕೇಳಿದರೆ, ಗ್ರಂಥಗಳಿಗಿಂತ ಎರಡು ಸಾವಿರ ವರ್ಷಗಳಿಗೂ ಹಿಂದಿನ ಹಿರೇಗುಡ್ಡದ ಕಲ್ಲು ಉತ್ತರ ಕೊಡುತ್ತದೆ.

6. ಒಂದೇ ಹೆಸರಿನ ಅಪಾಯ

ಇಂದಿನ ಕಲ್ಲಿನ ವ್ಯಾಪಾರದಲ್ಲಿ ನಯವಾಗಿ ಹೊಳಪು ಪಡೆಯುವ ಎಲ್ಲ ಗಟ್ಟಿ ಶಿಲೆಯೂ ‘ಗ್ರಾನೈಟ್’. ಚಾಮರಾಜನಗರ, ಕನಕಪುರಗಳ ಕಡೆಯಿಂದ ಹೋಗುವ ಪ್ರಸಿದ್ಧವಾದ ‘ಕಪ್ಪು ಗ್ರಾನೈಟ್’ ಭೂವಿಜ್ಞಾನದ ದೃಷ್ಟಿಯಲ್ಲಿ ಗ್ರಾನೈಟೇ ಅಲ್ಲ, ಅದು ಡಾಲರೈಟ್. ವ್ಯಾಪಾರಕ್ಕೆ ಬೇಕಾದದ್ದು ಬಣ್ಣ ಮತ್ತು ಹೊಳಪು ಮಾತ್ರ. ಅದರ ಮಟ್ಟಿಗೆ ಈ ಹೆಸರು ಸಾಕಾಗಬಹುದು. ಆದರೆ ಅದೇ ಹೆಸರು ನಮ್ಮ ವಸ್ತುಸಂಗ್ರಹಾಲಯಗಳ ಫಲಕಗಳಿಗೂ ದೇವಾಲಯಗಳ ಕೈಪಿಡಿಗಳಿಗೂ ಪ್ರವೇಶಿಸಿದೆ. ಹೊಯ್ಸಳ ದೇವಾಲಯಗಳ ಬಳಪದ ಕಲ್ಲು ಅಗ್ನಿಶಿಲೆಯೇ ಅಲ್ಲದ ರೂಪಾಂತರ ಶಿಲೆ. ಅದನ್ನೂ ‘ಕರಿಯ ಗ್ರಾನೈಟ್’ ಎಂದು ಹೇಳುವುದನ್ನು ಕೇಳುತ್ತೇವೆ.

ಹೆಸರು ಹೋದರೆ ವಸ್ತುವಿಗೆ ರಕ್ಷಣೆಯೂ ಹೋಗುತ್ತದೆ. ಹಿರೇಗುಡ್ಡದ ಡೈಕಿನ ಕೆಲವು ಭಾಗಗಳು ವಾಣಿಜ್ಯ ಕಲ್ಲುಗಣಿಗಾರಿಕೆಯಿಂದ ಆಗಲೇ ಹಾಳಾಗಿವೆ ಎಂಬುದನ್ನು 2004ರ ಸುಮಾರಿಗೆ ಸಂಶೋಧಕರು ದಾಖಲಿಸಿದ್ದರು. ಗ್ರಾನೈಟ್ ಬೆಟ್ಟ ನಮ್ಮಲ್ಲಿ ಅನೇಕವಿವೆ ಎಂದು ಸಮಾಧಾನ ಹೇಳುವವರಿಗೆ ಹಿರೇಗುಡ್ಡದ ಡೈಕ್ ಬೆಟ್ಟದ ಒಂದು ಕಿರಿದಾದ ಪಟ್ಟಿ ಮಾತ್ರ ಎಂಬುದು ಕಾಣುವುದಿಲ್ಲ. ಆ ಪಟ್ಟಿಯ ಮೇಲೆಯೇ ಕೊಡಲಿಯ ಕಮ್ಮಟ, ಗೂಳಿಗಳ ಚಿತ್ರ, ದನಿಗಲ್ಲುಗಳು ಇವೆ. ಒಡೆದ ದನಿಗಲ್ಲನ್ನು ಜೋಡಿಸಿದರೂ ಅದು ಮತ್ತೆ ನುಡಿಯುವುದಿಲ್ಲ.

ಆದ್ದರಿಂದ ಮೂರು ಕೆಲಸಗಳನ್ನು ವಿದ್ವಾಂಸರ ಗಮನಕ್ಕೆ ತರಬಯಸುತ್ತೇನೆ. ಮೊದಲನೆಯದಾಗಿ, ಶಾಸನ, ವೀರಗಲ್ಲು, ಮೂರ್ತಿ, ಆಯುಧಗಳ ಸೂಚಿಗಳಲ್ಲಿ ಶಿಲೆಯ ಹೆಸರನ್ನು ಭೂವಿಜ್ಞಾನಿಯ ನೆರವಿನಿಂದ ನಮೂದಿಸಬೇಕು. ಎರಡನೆಯದಾಗಿ, ಕಲ್ಲುಕುಟಿಗ, ಭೋವಿ, ವಿಶ್ವಕರ್ಮ ಸಮುದಾಯಗಳ ಹಿರಿಯರಲ್ಲಿ ಉಳಿದಿರುವ ಕಲ್ಲಿನ ಪದಗಳನ್ನು, ಪ್ರತಿ ಪದದೊಡನೆ ಆ ಕಲ್ಲಿನ ಮಾದರಿಯನ್ನೂ ಇಟ್ಟು ಸಂಗ್ರಹಿಸಬೇಕು. ಮಾದರಿಯಿಲ್ಲದ ಪದಕೋಶ ಅರ್ಧ ಕೋಶ. ಯಂತ್ರದ ಗರಗಸ ಬಂದ ಮೇಲೆ ಸುತ್ತಿಗೆಯ ದನಿಯನ್ನು ಆಲಿಸುವ ಅಗತ್ಯವೇ ಇಲ್ಲವಾಗಿರುವುದರಿಂದ ಈ ಪದಗಳಿಗೆ ಉಳಿದಿರುವ ಕಾಲ ಒಂದು ತಲೆಮಾರಿನದು. ಮೂರನೆಯದಾಗಿ, ಪ್ರಾಗೈತಿಹಾಸಿಕ ಗುರುತುಗಳಿರುವ ಡೈಕುಗಳನ್ನು ಬೆಟ್ಟದ ಹೆಸರಿನಿಂದಷ್ಟೇ ಅಲ್ಲದೆ ಶಿಲೆಯ ಹೆಸರಿನಿಂದಲೂ ಪಟ್ಟಿಮಾಡಿ ಗಣಿಗಾರಿಕೆಯ ಪರವಾನಗಿಯಿಂದ ಹೊರಗಿಡಬೇಕು.

ನವಶಿಲಾಯುಗದ ಜನ ಬೆಟ್ಟವೊಂದರಲ್ಲಿ ಎರಡು ಕಲ್ಲುಗಳನ್ನು ಕಂಡರು. ಒಂದನ್ನು ಹರಿತಗೊಳಿಸಿದರು, ಇನ್ನೊಂದರ ಮೇಲೆ ಅದನ್ನು ಉಜ್ಜಿದರು. ಆ ಬೆಟ್ಟದಲ್ಲಿ ಒಂದೇ ಕಲ್ಲನ್ನು ಕಾಣುವ ನಮ್ಮ ಕಾಲದ ಬರವಣಿಗೆ, ಅವರ ಬಗ್ಗೆ ಬರೆಯುವ ಮೊದಲು ಅವರಷ್ಟನ್ನಾದರೂ ನೋಡಲು ಕಲಿಯಬೇಕಾಗಿದೆ.